ಸಿರಿಂಜಿನೊಳಗೆ ಎಮ್ಮೆಯ ಹೊಟ್ಟೆ

1949ರಲ್ಲಿ ಮುಂಬಯಿಯ ತಬೇಲಾಗಳ ಎಮ್ಮೆಗಳಿಗಾಗಿ ಗೋರೆಗಾಂವ್‌ನಲ್ಲಿ ಆರೇ ಹಾಲಿನ ಕಾಲೊನಿ ಶುರುವಾಯಿತು. ಶಹರದ ಎಮ್ಮೆಗೆ ಬಯಲಲ್ಲಿ ಮೇಯುವ ಭಾಗ್ಯ ಕಡಿಮೆ. ಹುಲ್ಲು, ಹಿಂಡಿ ದುಡ್ಡು ಕೊಟ್ಟೇ ತರಬೇಕು. ಅದರಲ್ಲಿ ಮೈಗೆ ಹತ್ತುವುದೆಷ್ಟು, ಸಗಣಿಯಾಗುವುದೆಷ್ಟು? ತಿಳಿಯಬೇಕಾದರೆ ದಿನಗಟ್ಟಲೆ ಮೇವು, ಸಗಣಿ ಎರಡನ್ನೂ ತೂಗಬೇಕಿತ್ತು.

ಕಾಲೊನಿಗೆ 30 ವರ್ಷವಾದಾಗ, 1979ರಲ್ಲಿ, ಜರ್ಮನಿಯ ಹೋಹೆನ್‌ಹೈಮ್ ವಿಶ್ವವಿದ್ಯಾಲಯದ ಮೆಂಕೆ ಮತ್ತು ಸಂಗಡಿಗರು ಸುಲಭದ ಉಪಾಯವೊಂದನ್ನು ಪ್ರಕಟಿಸಿದರು. ಗಾಜಿನ ಸಿರಿಂಜಿನಲ್ಲಿ 200 ಮಿಲಿಗ್ರಾಂ ಮೇವಿನ ಪುಡಿ, ಲವಣದ ದ್ರಾವಣ ಬೆರೆಸಿದ ದನದ ಮೊದಲ ಹೊಟ್ಟೆಯ ರಸ, 39 ಡಿಗ್ರಿ ಕಾವು, 24 ಗಂಟೆ. ಸೂಕ್ಷ್ಮಜೀವಿಗಳು ಮೇವನ್ನು ಹುದುಗಿಸಿದಂತೆ ಗ್ಯಾಸ್ ಎದ್ದು ಸಿರಿಂಜಿನ ದಂಡವನ್ನು ಹೊರಕ್ಕೆ ತಳ್ಳುತ್ತದೆ. ದಂಡ ಹೆಚ್ಚು ಸರಿದಷ್ಟೂ ಮೇವು ಹೆಚ್ಚು ಜೀರ್ಣವಾಯಿತೆಂದು ಲೆಕ್ಕ.

ಆದರೆ ಆ ಗ್ಯಾಸಿನಲ್ಲಿ ಮೀಥೇನೂ ಇರುತ್ತದೆ. ಅದು ತೇಗಿನಲ್ಲಿ ಹೊರಬಿದ್ದಷ್ಟೂ ಮೇವಿನ ಶಕ್ತಿ ಗಾಳಿಪಾಲು, ಭೂಮಿಗೂ ಬಿಸಿ. 1995ರಲ್ಲಿ ಬೆಂಗಳೂರಿನ ಆಡುಗೋಡಿಯಲ್ಲಿ ಆರಂಭವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯಲ್ಲಿ ಒಟ್ಟು ಗ್ಯಾಸಿನ ಜೊತೆಗೆ ಅದರಲ್ಲಿರುವ ಮೀಥೇನನ್ನೂ ಅಳೆಯುತ್ತಾರೆ. ಮೇವು ಚೆನ್ನಾಗಿ ಕರಗಬೇಕು, ಮೀಥೇನ್ ಕಡಿಮೆ ಏಳಬೇಕು: ಕೊಂಡ ಮೇವನ್ನೇ ನಂಬಿದ ತಬೇಲಾಕ್ಕೆ ಆ ಉಳಿತಾಯ ಹಾಲಿನ ಲೆಕ್ಕಕ್ಕೆ ಸೇರುವಂಥದು.