ಕೋವಿ ಉಳಿಸಿದ್ದು ಕಾಗದ ಅಲ್ಲ, ಎಣ್ಣೆ ಬಟ್ಟೆ

ಮಳವಳ್ಳಿ ತಾಲ್ಲೂಕಿನ ಬ್ಲಫ್‌ನಿಂದ ಮಾತಾಡ್ತಿದ್ದೀನಿ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದ ಶಿವನಸಮುದ್ರದ ಪವರ್‌ಹೌಸ್ ಇರೋ ಜಾಗ ಇದು. ಆ ಪವರ್‌ಹೌಸ್ ತಿರುಗಿಸೋ ಕಾವೇರಿ ಹುಟ್ಟೋದು ಕೊಡಗಿನಲ್ಲಿ. ಇವತ್ತು ಹೊಳೆ ಹಿಡಿದು ಅಲ್ಲಿಗೇ ಹೋಗೋಣ. ವಿಷಯ ಕೋವಿ. ಬೇಟೆ, ಶೌರ್ಯದ ಕಥೆ ಅಲ್ಲ, ಕೋವಿ ಕ್ಲೀನ್ ಮಾಡೋದರ ಕಥೆ.

ಮೊದಲು ಕಾಗದದ ಇತಿಹಾಸ ಬೇಗ ಮುಗಿಸಿಬಿಡ್ತೀನಿ. 1834ರಲ್ಲಿ ಕೊಡಗು ಬ್ರಿಟಿಷರ ಕೈಗೆ ಹೋಯ್ತು. 1857ರ ದಂಗೆ ಆದ್ಮೇಲೆ ಸರ್ಕಾರ ದೇಶದ ಜನರ ಕೈಯಿಂದ ಆಯುಧ ತೆಗೆಸೋಕೆ ಶುರು ಮಾಡ್ತು. ಆದರೆ 1861ರ ಫೆಬ್ರವರಿಯಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ವಿನಾಯಿತಿ ಕೊಟ್ಟರು. ಹೌದು, ಬೆಂಗಳೂರಿನ ಕಬ್ಬನ್ ಪಾರ್ಕ್‌ಗೆ ಹೆಸರು ಬಂದ ಅದೇ ಕಬ್ಬನ್. ಸ್ವಾತಂತ್ರ್ಯ ಬಂತು, 1959ರ ಆಯುಧ ಕಾಯ್ದೆ ಬಂತು, ವಿನಾಯಿತಿ ಮಾತ್ರ ಉಳೀತು. ಇವತ್ತಿಗೂ ಅದು ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಮುಂದುವರಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಎತ್ತಿ ಹಿಡೀತು.

ನಾನು ಬಿ.ಕಾಂ. ಓದಿದವನು. ಹಾಗಾಗಿ ನನ್ನ ಪ್ರಶ್ನೆಯೂ ಬಿ.ಕಾಂ. ಪ್ರಶ್ನೆಯೇ: ಡಿಪ್ರಿಸಿಯೇಷನ್ ಏನಾಯ್ತು? ಮಡಿಕೇರಿ ಕಡೆ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಬಟ್ಟೆ ಒಣಗಲ್ಲ, ಗೋಡೆಗೆ ಪಾಚಿ ಕಟ್ಟುತ್ತೆ. ಅಂಥ ಜಾಗದಲ್ಲಿ ಕಬ್ಬಿಣದ ನಳಿಗೆ ಅಜ್ಜನಿಂದ ಮೊಮ್ಮಗನ ಕೈಗೆ ಬಂದಿದ್ದು ಹೇಗೆ? ವಿನಾಯಿತಿ ಕಾಗದ ತುಕ್ಕು ತಡೆಯಲ್ಲವಲ್ಲ.

ಉತ್ತರ ಒಂದು ಹಬ್ಬದಲ್ಲಿದೆ: ಕೈಲ್ ಪೊಳ್ದ್. ಸಾಮಾನ್ಯವಾಗಿ ಸೆಪ್ಟೆಂಬರ್ 3ಕ್ಕೆ ಬರುತ್ತೆ. ಮಳೆಗಾಲದ ನಾಟಿ ಕೆಲಸ ನಡೆಯುವಾಗ ಕೋವಿ, ಕತ್ತಿ ಎಲ್ಲಾ ದೇವರ ಕೋಣೆಯಲ್ಲಿ. ನಾಟಿ ಮುಗಿದ ಮೇಲೆ ಹೊರಗೆ ತೆಗೆದು, ಉಜ್ಜಿ, ಎಣ್ಣೆ ಹಚ್ಚಿ, ಪೂಜೆ. ನಳಿಗೆಯ ಬಾಯಿಗೆ ತೋಕ್ ಪೂ, ಅಂದ್ರೆ ಕೋವಿ ಹೂ. ನಾವು ಅಗ್ನಿಶಿಖೆ ಅಂತೀವಲ್ಲ, ಅದೇ. ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯೋ ಪಂದ್ಯ. ಈಗ ಲೆಕ್ಕದ ಕಣ್ಣಲ್ಲಿ ನೋಡಿ. ಜೂನ್, ಜುಲೈ, ಆಗಸ್ಟ್‌ನ ತೇವ ಕುಡಿದ ಲೋಹವನ್ನ ಮಳೆ ಇಳಿಯೋ ಹೊತ್ತಿಗೆ ಕಡ್ಡಾಯವಾಗಿ ತೆಗೆಸಿ ಒರೆಸೋ ದಿನ ಇದು. ವಾರ್ಷಿಕ ಸರ್ವಿಸಿಂಗ್‌ಗೆ ಪೂಜೆಯ ರೂಪ.

ಒರೆಸೋ ವಿಧಾನ ಕಾಲಕ್ಕೆ ತಕ್ಕಂತೆ ಬದಲಾಗ್ತಾ ಬಂತು. ಹಳೇ ಕೇಪಿನ ಕೋವಿಗೆ ಹಾಕ್ತಿದ್ದದ್ದು ಕರಿ ಮದ್ದು. ಅದು ಉರಿದು ಉಳಿಯೋ ಮಸಿ ಗಾಳಿಯ ತೇವ ಎಳ್ಕೊಳ್ಳುತ್ತೆ. ಹೊಡೆದು ಹಾಗೇ ಇಟ್ರೆ ತುಕ್ಕು ಗ್ಯಾರಂಟಿ. ಅದಕ್ಕೇ ಬಿಸಿನೀರಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚೋ ಪದ್ಧತಿ. ಆಮೇಲೆ ತೋಟಾ ಕೋವಿ ಬಂತು, ಹೊಗೆ ಕಡಿಮೆಯ ಮದ್ದು ಬಂತು. ಜೊತೆಗೇ ಹೊಸ ತಲೆನೋವು ಒಂದು ಬಂತು: ಚೋಕ್.

ಚೋಕ್ ಅಂದ್ರೆ ನಳಿಗೆಯ ಬಾಯಿಯ ಹತ್ತಿರ ಸ್ವಲ್ಪ ಕಿರಿದಾಗೋ ಭಾಗ. 12 ಬೋರ್ ಕೋವಿಯ ಒಳವ್ಯಾಸ ಸುಮಾರು 18.5 ಮಿಲಿಮೀಟರ್. ಫುಲ್ ಚೋಕ್‌ನಲ್ಲಿ ಅದು ಬಾಯಿಯಲ್ಲಿ ಸುಮಾರು 1 ಮಿಲಿಮೀಟರ್ ಕಮ್ಮಿ ಆಗುತ್ತೆ. ಅಷ್ಟೇ! ಆ 1 ಮಿಲಿಮೀಟರ್‌ನಿಂದಲೇ ಚರೆಗಳು ಬೇಗ ಚದುರದೆ ದೂರದವರೆಗೆ ಒಟ್ಟಾಗಿ ಹೋಗ್ತವೆ. ಹಾಗೇ, ಸೀಸದ ಪುಡಿ, ಮಸಿ, ಈಗಿನ ತೋಟಾದೊಳಗಿನ ಪ್ಲಾಸ್ಟಿಕ್ ಬಟ್ಟಲಿನ ಪದರ ಹೆಚ್ಚಾಗಿ ಅಂಟಿಕೊಳ್ಳೋದೂ ಅಲ್ಲೇ. ಹಳೇ ಒಂಟಿ ನಳಿಗೆ, ಜೋಡಿ ನಳಿಗೆ ಕೋವಿಗಳಲ್ಲಿ ಸಾಮಾನ್ಯವಾಗಿ ಚೋಕ್ ನಳಿಗೆಯ ಭಾಗವೇ. ಬಿಚ್ಚೋಕೆ ಬರಲ್ಲ. ಮೊದಲು ತೋಟಾ ಇಲ್ಲ ಅಂತ ಎರಡು ಸಲ ನೋಡಬೇಕು. ಆಮೇಲೆ ತೋಟಾ ತುಂಬೋ ಕಡೆಯಿಂದ ಬ್ರಷ್ ಹಾಕಿ ಬಾಯಿಯ ಕಡೆಗೆ ತಳ್ಳಬೇಕು. ಕೊನೆಗೆ ನಳಿಗೆಯನ್ನ ಬೆಳಕಿಗೆ ಹಿಡಿದು ಒಳಗೆ ನೋಡಬೇಕು. ಮರೆತುಹೋದ ಒಂದು ಬಟ್ಟೆ ಚೂರು ಸಾಕು, ಮುಂದಿನ ಈಡಿಗೆ ನಳಿಗೆ ಸಿಡಿಯೋಕೆ.

ತಿರುಪಿ ಬಿಚ್ಚೋ ಚೋಕ್ ಹೊಸದೇನಲ್ಲ. ಅಮೆರಿಕದ ಸಿಲ್ವೆಸ್ಟರ್ ರೋಪರ್ 1868ರಲ್ಲೇ ಅದಕ್ಕೆ ಪೇಟೆಂಟ್ ತಗೊಂಡಿದ್ದ. ನೂರು ವರ್ಷ ಆದ್ಮೇಲೆ, 1960ರ ದಶಕದ ಕೊನೆಗೆ, ವಿಂಚೆಸ್ಟರ್ ಕಂಪನಿ ಅದನ್ನ ಮಾಮೂಲಿ ಮಾಡ್ತು. ಇವತ್ತಿನ ಸ್ಪೋರ್ಟ್ಸ್ ಕೋವಿಗಳಲ್ಲಿ ಇರೋದು ಇದೇ. ಇದರ ಪ್ರಾಣ ಥ್ರೆಡ್‌ನಲ್ಲಿದೆ. ಉಪ್ಪಿನಕಾಯಿ ಬಾಟಲಿ ಮುಚ್ಚಳ ನೆನಪಿಸಿಕೊಳ್ಳಿ. ಥ್ರೆಡ್‌ನಲ್ಲಿ ಉಪ್ಪು ಒಣಗಿದ್ರೆ ಮುಚ್ಚಳ ಜಪ್ಪಯ್ಯ ಅಂದ್ರೂ ಬಿಚ್ಚಲ್ಲ. ಹಾಗೇ ಚೋಕ್ ವರ್ಷಗಟ್ಟಲೆ ಬಿಚ್ಚದೆ ಬಿಟ್ರೆ ಮಸಿ, ತುಕ್ಕು ಸೇರಿ ನಳಿಗೆಗೇ ಕಚ್ಚಿಕೊಳ್ಳುತ್ತೆ. ಬಿಚ್ಚಿ, ಸಾಲ್ವೆಂಟ್‌ನಲ್ಲಿ ನೆನೆಸಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಬೇಕು. ನಳಿಗೆಯ ಒಳಗಿನ ಥ್ರೆಡ್ ಒರೆಸಬೇಕು. ತೆಳ್ಳಗೆ ಗ್ರೀಸ್ ಹಚ್ಚಿ ಅದರ ಕೀಲಿಯಲ್ಲಿ ಪೂರ್ತಿ ಕೂರಿಸಬೇಕು. ಗ್ರೀಸ್ ಜಾಸ್ತಿ ಆದ್ರೆ ಅದೇ ಧೂಳು ಹಿಡಿಯುತ್ತೆ. ಚೋಕ್ ಇಲ್ಲದೆ ಹೊಡೆದ್ರೆ ಥ್ರೆಡ್ ಬರಿದಾಗಿ ಬಿಸಿಗೆ, ಮಸಿಗೆ ಸಿಕ್ಕಿ ಹಾಳಾಗುತ್ತೆ. ಅಜ್ಜನ ಕಾಲದ ತೆಳು ನಳಿಗೆಗೆ ಹೊಸದಾಗಿ ಥ್ರೆಡ್ ಕೊರೆಸೋ ಆಸೆ ಬೇಡ. ಕೊರೆಯೋಕೆ ಬೇಕಾದ ದಪ್ಪ ಅದರಲ್ಲಿ ಇರೋದೇ ಕಷ್ಟ. ಯಾವ ರಿಪೇರಿಯಾದ್ರೂ ಲೈಸೆನ್ಸ್ ಇರೋ ಗನ್‌ಸ್ಮಿತ್ ಹತ್ರವೇ.

ಈಗ ನನಗೆ ಮುಖ್ಯ ಅನ್ಸೋ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಕಾಲ ಮುಗೀತು, ಮುಗಿಯಬೇಕಾದ್ದೇ. ಕೊಡಗಿನಲ್ಲಿ ಕೋವಿಯ ಸದ್ದು ಉಳಿದಿರೋದು ಹೆಚ್ಚಾಗಿ ಆಚರಣೆಗಳಲ್ಲಿ. ಗಂಡು ಮಗು ಹುಟ್ಟಿದ್ರೆ ಗಾಳಿಯಲ್ಲಿ ಒಂದು ಗುಂಡು, ಸಾವಾದ್ರೆ ಎರಡು. ಹೊಡೆಯೋದು ಕಮ್ಮಿ ಆದಷ್ಟೂ ಅಪಾಯ ಕಮ್ಮಿ ಅಂದ್ಕೋತೀವಿ. ಲೋಹದ ಲೆಕ್ಕ ಬೇರೆ. ದಿನಾ ಬಳಸೋ ಕೋವಿಯನ್ನ ದಿನಾ ಯಾರೋ ನೋಡ್ತಾರೆ. ಮೂಲೆಯಲ್ಲಿ ನಿಂತ ಕೋವಿಯೊಳಗೆ ತುಕ್ಕು ಸದ್ದಿಲ್ಲದೆ ಬೆಳೆಯುತ್ತೆ, ಆಮೇಲೆ ಒಂದಿನ ಸಾವಿನ ಮನೆಯ ಅಂಗಳದಲ್ಲಿ, ಜನರ ನಡುವೆ, ಅದೇ ಕೋವಿಯ ಕುದುರೆ ಎಳೀತಾರೆ.

ಹಬ್ಬದ ದಿನ ನಳಿಗೆಗೆ ಹೂ ಇಟ್ಟು ಫೋಟೋ ತೆಗೆಯೋಕೆ ಎರಡು ನಿಮಿಷ ಸಾಕು. ಚೋಕ್ ಉಜ್ಜೋಕೆ ಸಾಲಲ್ಲ. ಪೂಜೆ ರೀಲ್ಸ್‌ಗೆ ಬಂತು, ಎಣ್ಣೆ ಬಟ್ಟೆ ಬರಲಿಲ್ಲ. ಇತಿಹಾಸದ ಪುಸ್ತಕದಲ್ಲೂ ಹಾಗೇ: ಹಕ್ಕು ಕೊಟ್ಟ ಕಬ್ಬನ್ ಹೆಸರಿದೆ, ಪ್ರತಿ ಮಳೆಗಾಲ ಮುಗಿದಾಗ ಜಗಲಿಯಲ್ಲಿ ಕೂತು ನಳಿಗೆ ಉಜ್ಜಿದವರ ಹೆಸರಿಲ್ಲ. 2029 ಹತ್ತಿರ ಬಂದಾಗ ವಿನಾಯಿತಿ ಬೇಕೋ ಬೇಡವೋ ಅಂತ ಟಿವಿಯಲ್ಲಿ ಚರ್ಚೆ ಜೋರಾಗುತ್ತೆ. ಆಗಲಿ. ನಿಮ್ಮ ಮನೆಯಲ್ಲಿ ಕೋವಿ ಇದ್ರೆ, ಅದನ್ನ ಒರೆಸೋ ಹಿರಿಯರು ಇನ್ನೂ ಇದ್ರೆ, ಈ ಸಲ ಹಬ್ಬಕ್ಕೆ ಫೋನ್ ಪಕ್ಕಕ್ಕಿಟ್ಟು ಅವರ ಪಕ್ಕ ಕೂತ್ಕೊಳ್ಳಿ. ಆ ಕೆಲಸ ಕೈಯಿಂದ ಕೈಗೇ ದಾಟಬೇಕು.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.