ಪಿಪ್ಪಲಿಯಿಂದ ಪಪ್ರಿಕಕ್ಕೆ

ಸ್ನೇಹಿತರೊಬ್ಬರು ಹಂಗೆರಿಯಿಂದ ಬರುವಾಗ ನನಗೊಂದು ತಗಡಿನ ಡಬ್ಬಿ ತಂದುಕೊಟ್ಟರು. ಮುಚ್ಚಳ ತೆಗೆದರೆ ಕುಂಕುಮದಂಥ ಪುಡಿ. ಅದೇ ಪಪ್ರಿಕ, ಅಲ್ಲಿಯವರ ಮೆಣಸಿನಪುಡಿ. ನಾಲಗೆಯ ಮೇಲಿಟ್ಟರೆ ಖಾರವೇ ಇಲ್ಲ, ತುಸು ಸಿಹಿ. ನಮ್ಮ ಮನೆಯ ರೂಢಿಯಂತೆ ಚೆನ್ನಾಗಿ ಕಾದ ಎಣ್ಣೆಗೆ ಅದನ್ನು ಸುರಿದು ಕೋಳಿಸಾರು ಮಾಡಿದೆ. ಪುಡಿ ಕ್ಷಣಮಾತ್ರದಲ್ಲಿ ಕಪ್ಪಾಯಿತು, ಸಾರು ಕಹಿಯಾಯಿತು. ಊಟ ಕೆಟ್ಟಿತು, ನಿಜ. ಆದರೆ ಆ ಕಹಿಯೇ ನನ್ನನ್ನು ಅದರ ಚರಿತ್ರೆಯ ಕಡೆಗೆ ತಿರುಗಿಸಿತು.

ಮೆಣಸಿನಕಾಯಿಯ ತವರು ಅಮೆರಿಕ. ಕೊಲಂಬಸ್ಸನ ಯಾನಗಳ ತರುವಾಯವೇ ಅದು ಸಮುದ್ರ ದಾಟಿದ್ದು. ನಮಗೆ ಪೋರ್ಚುಗೀಸರು ತಂದರು. ಹಂಗೆರಿಗೆ ಅದು ಬಂದದ್ದು ಶತ್ರುವಿನ ಕೈಯಿಂದ. 1526ರಲ್ಲಿ ಮೋಹಾಚ್ ಕದನದಲ್ಲಿ ತುರ್ಕರು ಹಂಗೆರಿಯ ಸೈನ್ಯವನ್ನು ಮುರಿದರು. 1541ರಲ್ಲಿ ಬುದಾ ನಗರವೂ ಅವರ ವಶವಾಯಿತು. ಅವರ ಆಳ್ವಿಕೆಯ ಕಾಲದಲ್ಲಿ ಬಂದ ಗಿಡವನ್ನು ಜನ 'ತುರ್ಕರ ಮೆಣಸು' ಎಂದೇ ಕರೆದರು. ಸಿರಿವಂತರ ಮೇಜಿನ ಮೇಲೆ ಕಾಳುಮೆಣಸು. ಅದನ್ನು ಕೊಳ್ಳಲಾರದ ದನಗಾಹಿಗಳ ಬಾಣಲೆಗೆ ಈ ಕೆಂಪು ಪುಡಿ. 'ಗುಯಾಶ್' ಎಂದರೆ ದನಗಾಹಿ ಎಂದೇ ಅರ್ಥ. ಅವನು ಬೇಯಿಸಿದ ಮಾಂಸದ ಸಾರಿಗೂ ಅದೇ ಹೆಸರು ನಿಂತಿತು.

ಬಡವರ ಈ ಅಡುಗೆ ದೊಡ್ಡವರ ಮನೆಯನ್ನು ಹೊಕ್ಕದ್ದಕ್ಕೆ ರಾಜಕೀಯವೂ ಕಾರಣ. 1784ರಲ್ಲಿ ಚಕ್ರವರ್ತಿ ಎರಡನೆಯ ಜೋಸೆಫ್ ಹಂಗೆರಿಯ ಆಡಳಿತಕ್ಕೆ ಜರ್ಮನ್ ಭಾಷೆಯನ್ನು ಹೇರಿದನು. ಆಗ ಕುಲೀನರಿಗೂ ತಮ್ಮ ನುಡಿ, ಉಡುಗೆ, ಊಟಗಳ ಮೇಲೆ ಅಭಿಮಾನ ಹುಟ್ಟಿತು. 1806ರಲ್ಲಿ ನೆಪೋಲಿಯನ್ ಬ್ರಿಟನ್ನಿನ ವ್ಯಾಪಾರಕ್ಕೆ ಯೂರೋಪಿನ ಬಾಗಿಲು ಮುಚ್ಚಹೊರಟಾಗ ಕಾಳುಮೆಣಸು ದುರ್ಲಭವಾಯಿತು. ಪಪ್ರಿಕದ ದಾರಿ ಇನ್ನಷ್ಟು ಸುಗಮವಾಯಿತು. ಖಾರವೊಂದು ಅಡ್ಡಿಯಾಗಿದ್ದಿತು. 1859ರಲ್ಲಿ ಸೆಗೆದ್ ಪಟ್ಟಣದ ಪಾಲ್ಫಿ ಸೋದರರು ಕಾಯಿಯ ಬೀಜವನ್ನೂ ಒಳನರವನ್ನೂ ತೆಗೆದು ಪುಡಿಮಾಡುವ ಯಂತ್ರವನ್ನು ರಚಿಸಿ ಅದನ್ನೂ ನೀಗಿದರು. ಖಾರವೆಲ್ಲ ಇರುವುದು ಬೀಜವನ್ನು ಹಿಡಿದಿರುವ ಆ ಬಿಳಿಯ ನರದಲ್ಲಿಯೇ ಅಲ್ಲವೆ?

ಅದೇ ಸೆಗೆದ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಸೆಂಟ್-ಜ್ಯಾರ್ಜಿ ಒಂದು ರಾತ್ರಿ, ಹೆಂಡತಿ ಬಡಿಸಿದ ಹಸಿ ಪಪ್ರಿಕವನ್ನು ತಿನ್ನಲು ಮನಸ್ಸಿಲ್ಲದೆ ಪ್ರಯೋಗಶಾಲೆಗೆ ಒಯ್ದರಂತೆ. ಅದರಲ್ಲಿ ಸಿ ಜೀವಸತ್ವ ಹೇರಳವಾಗಿ ದೊರೆಯಿತು. 1937ರಲ್ಲಿ ನೊಬೆಲ್ ಬಹುಮಾನವೂ ಬಂದಿತು.

ಇನ್ನು ನನ್ನ ತಪ್ಪಿನ ವಿಚಾರ. ಪಪ್ರಿಕದ ಕೆಂಪು ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುವುದು; ಆದರೆ ಅದರಲ್ಲಿನ ಸಕ್ಕರೆ ಬೇಗ ಸೀಯುವುದು. ಆದುದರಿಂದ ಅಲ್ಲಿನ ಗೃಹಿಣಿ ಹಂದಿಯ ಕೊಬ್ಬಿನಲ್ಲಿ ಈರುಳ್ಳಿಯನ್ನು ಬಾಡಿಸಿ, ಪಾತ್ರೆಯನ್ನು ಒಲೆಯಿಂದ ಇಳಿಸಿದ ಮೇಲೆಯೇ ಪುಡಿ ಹಾಕುವಳು. ಒಡನೆಯೇ ಮಾಂಸವನ್ನೂ ಸ್ವಲ್ಪ ನೀರನ್ನೂ ಸೇರಿಸುವಳು. ಕೋಳಿಯಾದರೆ ಕೊನೆಗೆ ಹುಳಿಗೆನೆ ಬೆರೆಸುವಳು. ತಿಸಾ ನದಿಯ ದಂಡೆಯಲ್ಲಿ ಮೀನುಸಾರಿಗೆ ಸಣ್ಣ ಮೀನುಗಳನ್ನು ಈರುಳ್ಳಿಯೊಡನೆ ಕರಗುವಂತೆ ಬೇಯಿಸಿ ಸೋಸುತ್ತಾರೆ. ಪಪ್ರಿಕ ಬೆರೆಸಿ, ಗೆಂಡೆಮೀನಿನ ತುಂಡುಗಳನ್ನು ಬಿಡುತ್ತಾರೆ. ಆಮೇಲೆ ಸೌಟು ಹಾಕುವಂತಿಲ್ಲ. ಮೀನು ಒಡೆಯದಂತೆ ಪಾತ್ರೆಯನ್ನೇ ಅಲುಗಿಸಬೇಕು.

ನಮ್ಮ ಬ್ಯಾಡಗಿ ಮೆಣಸಿನಕಾಯಿ ಇದಕ್ಕೆ ಹತ್ತಿರದ ನೆಂಟ. ಕರಾವಳಿಯ ಕೋಳಿ ಗಸಿಗೆ, ಮೀನಿನ ಸಾರಿಗೆ ಅದನ್ನು ಹಾಕುವುದು ಖಾರಕ್ಕಿಂತ ಬಣ್ಣಕ್ಕಾಗಿಯೇ. ಡಬ್ಬಿ ಬರಿದಾದ ಮೇಲೆ ನಾನು ಬ್ಯಾಡಗಿಯ ಬೀಜ, ನರ ತೆಗೆದು ಪುಡಿಮಾಡಿ, ಪಾತ್ರೆಯನ್ನು ಒಲೆಯಿಂದಿಳಿಸಿ ಮತ್ತೆ ಕೋಳಿ ಬೇಯಿಸಿದೆ. ಕಹಿಯಾಗಲಿಲ್ಲ.

ಹೆಸರಿನಲ್ಲಿಯೂ ನೆಂಟಸ್ತಿಕೆಯುಂಟು. ಕಾಳುಮೆಣಸಿನ ನಾಡಿನವರಾದ ನಾವು ಹೊಸ ಕಾಯಿಯನ್ನು ಮೆಣಸಿನಕಾಯಿ ಎಂದೆವು. ಸರ್ಬಿಯನ್ ನುಡಿಯಲ್ಲಿ ಮೆಣಸಿಗೆ 'ಪಪರ್', ಅದರಿಂದ ಪಪ್ರಿಕ. ಪಪರ್‌ನ ಬೇರು ಲ್ಯಾಟಿನ್, ಗ್ರೀಕ್‌ಗಳನ್ನು ದಾಟಿ ನಮ್ಮ ಪಿಪ್ಪಲಿಗೇ ಮುಟ್ಟುತ್ತದೆ. ಗಿಡ ಅಮೆರಿಕದ್ದು, ತಂದವನು ತುರ್ಕ, ಹೆಸರು ಭಾರತದ್ದು. ಅಡುಗೆ ಮಾತ್ರ ಅಪ್ಪಟ ಹಂಗೆರಿಯದು. 'ಇದು ನಮ್ಮದಲ್ಲ' ಎಂದು ಯಾವ ತಟ್ಟೆಯನ್ನಾದರೂ ದೂರ ತಳ್ಳುವ ಮೊದಲು ನಾನು ಈಗ ಆ ಡಬ್ಬಿಯನ್ನು ನೆನೆದುಕೊಳ್ಳುತ್ತೇನೆ.