ಮೆತ್ತಗಿರುವ ಗಳಿಗೆ: ಕಾರಿನ ಮೈಗೆ ಬಂದ ಅಲ್ಯೂಮಿನಿಯಂ ತಗಡಿನ ಚರಿತ್ರೆ

ಗಟ್ಟಿ ಅಲ್ಯೂಮಿನಿಯಂ ತಗಡನ್ನು ಕಾರಿನ ಭಾಗಗಳಾಗಿ ಅಚ್ಚೊತ್ತುವ ವಿದ್ಯೆಯ ಚರಿತ್ರೆಯನ್ನು ತೂಕ ಇಳಿಸಿದ ಕತೆಯಾಗಿಯೇ ಹೇಳುವುದು ರೂಢಿ. ನನಗೆ ಅದು ಹೊತ್ತು ಸಾಧಿಸಿದ ಕತೆಯಾಗಿ ಕಾಣುತ್ತದೆ. ಈ ಲೋಹ ಮೆತ್ತಗಿರುವುದು ಯಾವಾಗ, ಅಷ್ಟರೊಳಗೆ ಕೆಲಸ ಮುಗಿಸುವುದು ಹೇಗೆ ಎಂಬ ಪ್ರಶ್ನೆ ಇದರ ಉದ್ದಕ್ಕೂ ಇದೆ.

1906ರಲ್ಲಿ ಬರ್ಲಿನ್ ಬಳಿಯ ಪ್ರಯೋಗಾಲಯವೊಂದರಲ್ಲಿ ಲೋಹಶಾಸ್ತ್ರಜ್ಞ ಆಲ್ಫ್ರೆಡ್ ವಿಲ್ಮ್, ತಾಮ್ರ ಮತ್ತು ತುಸು ಮೆಗ್ನೀಸಿಯಂ ಬೆರೆತ ಅಲ್ಯೂಮಿನಿಯಂ ತುಂಡನ್ನು ಕಾಯಿಸಿ ಥಟ್ಟನೆ ತಣಿಸಿದರು. ಉಕ್ಕಾಗಿದ್ದರೆ ಆಗಲೇ ಗಡಸಾಗಬೇಕಿತ್ತು. ಇದು ಹಾಗಾಗಲಿಲ್ಲ. ಶನಿವಾರ ಅರ್ಧಕ್ಕೆ ಬಿಟ್ಟ ಅಳತೆಯನ್ನು ಸೋಮವಾರ ಮುಂದುವರಿಸಿದಾಗ ಮಾತ್ರ, ಸುಮ್ಮನೆ ಬಿದ್ದಿದ್ದ ತುಂಡಿನ ಗಡಸುತನ ಏರಿತ್ತು! ಡ್ಯುರಾಲುಮಿನ್ ಎಂಬ ಮಿಶ್ರಲೋಹ ಹುಟ್ಟಿದ್ದು ಹೀಗೆ. ಒಳಗೆ ತಾಮ್ರದ ಪರಮಾಣುಗಳು ಗುಂಪುಗೂಡಿ ಲೋಹದ ಪದರಗಳು ಒಂದರ ಮೇಲೊಂದು ಜಾರದಂತೆ ತಡೆಯುತ್ತವೆ ಎಂಬುದಕ್ಕೆ 1938ರಲ್ಲಿ ಗಿನಿಯೇ ಮತ್ತು ಪ್ರೆಸ್ಟನ್ ಎಂಬ ವಿಜ್ಞಾನಿಗಳು ಬೇರೆಬೇರೆಯಾಗಿ ಕ್ಷ-ಕಿರಣಗಳಿಂದ ಸಾಕ್ಷಿ ಕಂಡುಕೊಂಡರು. ವಿಮಾನ ಕಟ್ಟುವವರು ಕಾರಣ ತಿಳಿಯಲು ಕಾಯಲಿಲ್ಲ. ಗಡಸಾಗುವುದು ತಡವಾಗಲೆಂದು ತಣಿಸಿದ ರಿವೆಟ್‌ಗಳನ್ನು ಹಿಮದ ಪೆಟ್ಟಿಗೆಯಲ್ಲಿಟ್ಟು, ಹೊರತೆಗೆದ ಕೆಲವೇ ನಿಮಿಷಗಳಲ್ಲಿ ಬಡಿಯುತ್ತಿದ್ದರು.

ಕಾರಿಗೆ ಈ ಉಪಾಯ ಸಾಲದು. 1948ರ ಲ್ಯಾಂಡ್ ರೋವರ್ ಅಲ್ಯೂಮಿನಿಯಂ ಹೊದ್ದದ್ದು ಯುದ್ಧಾನಂತರದ ಉಕ್ಕಿನ ಅಭಾವದಿಂದ; ಅದರ ತಗಡು ಕಾಯಿಸಿ ಗಡಸು ಮಾಡುವ ಜಾತಿಯದಲ್ಲ. ಪೂರ್ತಿ ಅಲ್ಯೂಮಿನಿಯಂ ಮೈಯ ಹೋಂಡಾ ಎನ್‌ಎಸ್‌ಎಕ್ಸ್ 1990ರಲ್ಲಿ, ಆಡಿ ಎ8 1994ರಲ್ಲಿ ಬಂದವು. ತೊಡಕು ಪ್ರೆಸ್ಸಿನ ಬಾಯಲ್ಲಿತ್ತು. ಅಲ್ಯೂಮಿನಿಯಂನ ಸಾಂದ್ರತೆ ಉಕ್ಕಿನ ಮೂರನೇ ಒಂದರಷ್ಟು. ಬಾಗುವಿಕೆಗೆ ಒಡ್ಡುವ ಬಿಗಿಯೂ ಅಷ್ಟೇ. ಹಾಗಾಗಿ ಅಚ್ಚು ಬಿಟ್ಟೊಡನೆ ತಗಡು ಉಕ್ಕಿಗಿಂತ ಹೆಚ್ಚು ಹಿಂದಕ್ಕೆ ಸೆಟೆಯುತ್ತದೆ. ಆಳದ ಮೂಲೆಗಳಲ್ಲಿ ಬಿರಿಯುತ್ತದೆ.

ಬಾನೆಟ್, ಬಾಗಿಲುಗಳಿಗೆ ಸಿಕ್ಕ ಪರಿಹಾರ ನನಗೆ ತುಂಬ ಹಿಡಿಸಿದ್ದು. ಮೆಗ್ನೀಸಿಯಂ-ಸಿಲಿಕಾನ್ ಬೆರೆತ 6000 ಸರಣಿಯ ತಗಡನ್ನು ಮೆತ್ತಗಿರುವಾಗಲೇ ಒತ್ತುತ್ತಾರೆ. ಬಣ್ಣ ಒಣಗಿಸುವ ಒಲೆಯ ಸುಮಾರು 180 ಡಿಗ್ರಿ ಸೆಲ್ಸಿಯಸ್ ಕಾವೇ ಅದಕ್ಕೆ ಗಡಸು ಕೊಡುತ್ತದೆ. ಹೇಗೂ ಉರಿಯಬೇಕಾದ ಒಲೆ ಎರಡು ಕೆಲಸ ಮಾಡುತ್ತದೆ.

ಅಪಘಾತದ ಪೆಟ್ಟು ತಡೆಯಬೇಕಾದ ಕಂಬಗಳಿಗೆ ಇಷ್ಟು ಸಾಲದು. 2000ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಜಿಯಾಂಗುವೊ ಲಿನ್, ಟ್ರೆವರ್ ಡೀನ್ ಮತ್ತು ಸಂಗಡಿಗರು ರೂಪಿಸಿದ ವಿಧಾನದಲ್ಲಿ ವಿಲ್ಮ್‌ರ ಕ್ರಮವೇ ಅಚ್ಚಿನೊಳಕ್ಕೆ ಬಂತು. ತಗಡನ್ನು 500 ಡಿಗ್ರಿಗೂ ಮೇಲೆ ಕಾಯಿಸಿ, ಬಿಸಿ ಆರುವ ಮೊದಲೇ ತಣ್ಣನೆಯ ಅಚ್ಚಿಗೆ ಸಾಗಿಸಿ ಒತ್ತುತ್ತಾರೆ. ಕೆಲವು ಸೆಕೆಂಡು ಅಚ್ಚು ಮುಚ್ಚಿಯೇ ಇರುತ್ತದೆ. ಆಕಾರ ಕೊಡುವ ಉಕ್ಕೇ ಶಾಖವನ್ನೂ ಹೀರುತ್ತದೆ. ಬಿಗಿಹಿಡಿತದಲ್ಲೇ ತಣಿದದ್ದರಿಂದ ಸೆಟೆತ ಬಹಳ ಕಡಿಮೆ. 2016ರ ಆಸ್ಟನ್ ಮಾರ್ಟಿನ್ ಡಿಬಿ11ರ ಮುಂಗಾಜಿನ ಪಕ್ಕದ ಕಂಬಗಳನ್ನು ಮಾಡಿದ್ದು ಹೀಗೆ. ಅಚ್ಚು ತೆರೆದಾಗ ಇಂಥ ಕಂಬಕ್ಕೆ ಆಕಾರ ಪೂರ್ತಿ ಬಂದಿರುತ್ತದೆ, ಬಲ ಇನ್ನೂ ಬಂದಿರುವುದಿಲ್ಲ. ಅದಕ್ಕಾಗಿ ಅದು ಮತ್ತೆ ಒಲೆಗೆ ಹೋಗುತ್ತದೆ.